ಅಣ್ಣನ ಜಾಕೆಟ್ ನಿಜಕ್ಕೂ ಎಷ್ಟು ತಡೆಯುತ್ತೆ? ಆಟದ ವೆಸ್ಟ್ ಮತ್ತು ಯುದ್ಧದ ವೆಸ್ಟ್

ಕಲ್ಸಂಕದ ಹುಡುಗ, ಶನಿವಾರ ರಾತ್ರಿ 10.40

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣ ಸೈನ್ಯದಲ್ಲಿದ್ದಾನೆ. ಹೋದ ವಾರ ಮೊದಲ ಸಲ ಬುಲೆಟ್ ಪ್ರೂಫ್ ಜಾಕೆಟ್ ಹಾಕಿಕೊಂಡು ನಿಂತ ಫೋಟೋ ಕಳಿಸಿದ. ಅಮ್ಮ ಆ ಫೋಟೋ ನೋಡಿ ಊಟ ಅರ್ಧಕ್ಕೇ ಬಿಟ್ಟರು. "ಇದನ್ನು ಹಾಕಿದ್ದಾನೆ ಅಂದ್ರೆ ಗುಂಡು ಹಾರುವ ಜಾಗಕ್ಕೆ ಹೋಗಿದ್ದಾನೆ ಅಂತ ಅಲ್ವಾ?" ಅಂದರು. ನಾನು ಸಮಾಧಾನ ಮಾಡಲು ಹೋಗಿ, "ಲೆವೆಲ್ 3 ವೆಸ್ಟ್ ಅಮ್ಮ, ಎಕೆಯಲ್ಲಿ ಹೊಡೆದರೂ ಅರ್ಧ ಏಟು ಅದೇ ನುಂಗುತ್ತೆ" ಅಂದೆ. ಅಮ್ಮ "ಉಳಿದ ಅರ್ಧ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನು ಕೊಟ್ಟ ಲೆಕ್ಕ ಬಿಜಿಎಂಐ ಅನ್ನುವ ಮೊಬೈಲ್ ಶೂಟಿಂಗ್ ಆಟದ್ದು. ಅದರಲ್ಲಿ ಲೆವೆಲ್ 1 ವೆಸ್ಟ್ ಏಟನ್ನು ಶೇ 30 ಕಡಿಮೆ ಮಾಡುತ್ತೆ, ಲೆವೆಲ್ 2 ಶೇ 40, ಲೆವೆಲ್ 3 ಶೇ 55. ಏಟು ಬಿದ್ದ ಹಾಗೆ ವೆಸ್ಟ್ ಸವೆಯುತ್ತಾ ಹೋಗುತ್ತೆ. ಬ್ಯಾಂಡೇಜ್ ಸುತ್ತಿಕೊಂಡು ಮತ್ತೆ ಓಡಬಹುದು. ಮೂರು ವರ್ಷ ದಿನಾ ರಾತ್ರಿ ಆಡಿ ಆಡಿ, ವೆಸ್ಟ್ ಅಂದರೆ ಹೀಗೇ ಅಂತ ತಲೆಯಲ್ಲಿ ಕೂತುಬಿಟ್ಟಿದೆ.

ಗೊತ್ತಿರುವವರು ದಯವಿಟ್ಟು ಹೇಳಿ. ನಿಜದ ಜಾಕೆಟ್ ಏನು ತಡೆಯುತ್ತೆ, ಏನು ತಡೆಯಲ್ಲ? ಅಮ್ಮನಿಗೆ ಸುಳ್ಳು ಹೇಳುವುದು ಬೇಡ ಅನ್ನಿಸುತ್ತಿದೆ.

ನಿರ್ವಾಹಕ, ಶನಿವಾರ ರಾತ್ರಿ 10.52

ಅಣ್ಣ ಎಲ್ಲಿದ್ದಾರೆ, ಯಾವ ತುಕಡಿ, ಇದನ್ನೆಲ್ಲ ಯಾರೂ ಕೇಳಬೇಡಿ, ಬರೆಯಬೇಡಿ. ಫೋಟೋ ಕೂಡ ಹಾಕಬೇಡಿ. ಉಳಿದದ್ದು ಮುಂದುವರಿಯಲಿ.

ಹಂಪನಕಟ್ಟೆ ಸೈಬರ್, ಶನಿವಾರ ರಾತ್ರಿ 11.05

ನಾನು 2005ರ ಹೊತ್ತಿಗೆ ಹಂಪನಕಟ್ಟೆಯ ಸೈಬರ್ ಕೆಫೆಯಲ್ಲಿ ಕೌಂಟರ್ ಸ್ಟ್ರೈಕ್ ಆಡಿ ಬೆಳೆದವನು. ಅದರಲ್ಲಿ ಲೆವೆಲ್ ಎಲ್ಲ ಇಲ್ಲ. ಆಟದ 650 ಡಾಲರ್ ಕೊಟ್ಟರೆ ಕೆವ್ಲಾರ್ ಅನ್ನುವ ಗಟ್ಟಿ ನಾರಿನ ಜಾಕೆಟ್, 1000 ಕೊಟ್ಟರೆ ಹೆಲ್ಮೆಟ್ ಸೇರಿ. ಎರಡು ವಿಷಯ ಈಗಲೂ ನೆನಪಿದೆ. ಕಾಲಿಗೆ ಗುಂಡು ಬಿದ್ದರೆ ಜಾಕೆಟ್ ಲೆಕ್ಕಕ್ಕೇ ಇಲ್ಲ. ಎಕೆ ಹಿಡಿದವನು ತಲೆಗೆ ಒಂದು ಹೊಡೆದರೆ ಹೆಲ್ಮೆಟ್ ಇದ್ದರೂ ಮುಗಿಯಿತು. ಆಟಗಳಲ್ಲಿ ಸತ್ಯಕ್ಕೆ ಹತ್ತಿರ ಇದ್ದದ್ದು ಅದೇ ಅಂತ ನನ್ನ ಅನಿಸಿಕೆ. ಉಳಿದದ್ದನ್ನು ಜಾಕೆಟ್ ಹಾಕಿದವರೇ ಹೇಳಬೇಕು.

ಕಾರ್ಕಳದ ಮಾಜಿ ಹವಾಲ್ದಾರ್, ಭಾನುವಾರ ಬೆಳಿಗ್ಗೆ 6.15

ತಮ್ಮ, ನಾನು ಹಾಕಿದವನು. ನಾವು ಅದನ್ನು ಬಿಪಿ ಜಾಕೆಟ್ ಅನ್ನುತ್ತಿದ್ದೆವು, ಎಷ್ಟೋ ಸಲ ಬರೀ ಬಿಪಿ.

ಮೊದಲು ಒಂದು ಮಾತು. ನಿನ್ನ ಆಟದಲ್ಲಿರುವ "ಅರ್ಧ ಏಟು" ನಿಜದಲ್ಲಿ ಇಲ್ಲ. ಗುಂಡನ್ನು ತಡೆಯಿತು ಅಥವಾ ತಡೆಯಲಿಲ್ಲ, ಎರಡೇ. ಜಾಕೆಟ್‌ನಲ್ಲಿ ಎರಡು ಭಾಗ ಇರುತ್ತೆ. ಒಂದು ಮೆತ್ತಗಿನ ಪದರ, ಬಟ್ಟೆ ಮಡಿಚಿ ಮಡಿಚಿ ಒತ್ತಿದ ಹಾಗೆ. ಅದು ಪಿಸ್ತೂಲಿನ ಗುಂಡು, ಗ್ರೆನೇಡಿನ ಚೂರು ತಡೆಯುತ್ತೆ. ರೈಫಲ್ ಗುಂಡಿಗೆ ಅದು ಸಾಲದು. ಅದಕ್ಕೆ ಎದೆಗೆ ಒಂದು, ಬೆನ್ನಿಗೆ ಒಂದು ಗಟ್ಟಿ ಪ್ಲೇಟ್ ಇಡುತ್ತಾರೆ. ಎಕೆ ಗುಂಡನ್ನು ನಿಲ್ಲಿಸುವುದು ಪ್ಲೇಟ್. ಪ್ಲೇಟ್ ಇಲ್ಲದ ಕಡೆ ಬಿದ್ದರೆ ಜಾಕೆಟ್ ಹಾಕಿದ್ದೀ ಅನ್ನುವುದು ಗುಂಡಿಗೆ ಗೊತ್ತಾಗಲ್ಲ.

ಇನ್ನು ತೂಕ. ಬಿಜಿಎಂಐಯಲ್ಲಿ ವೆಸ್ಟ್ ಹಾಕಿದರೆ ಸಾಮಾನು ಇಡುವ ಜಾಗ ಜಾಸ್ತಿ ಆಗುತ್ತೆ ಅಂತ ನನ್ನ ಮಗ ತೋರಿಸಿದ. ಓಟವೂ ನಿಧಾನ ಆಗಲ್ಲವಂತೆ. ನಮಗೆ ಹಾಗಲ್ಲ. ಜಾಕೆಟ್ಟಿನ ತೂಕದ ಮೇಲೆ ರೈಫಲ್, ಮ್ಯಾಗಜಿನ್, ನೀರು, ಗ್ರೆನೇಡ್. ಗುಡ್ಡ ಹತ್ತುವಾಗ ಉಸಿರು ಪೂರ್ತಿ ಎಳೆದುಕೊಳ್ಳಲು ಆಗಲ್ಲ, ಎದೆಯನ್ನು ಯಾರೋ ಎರಡೂ ಕಡೆಯಿಂದ ಒತ್ತಿ ಹಿಡಿದ ಹಾಗೆ.

ಹೊರಗಿನವರಿಗೆ ಗೊತ್ತಿಲ್ಲದ ಒಂದು ಕಷ್ಟ ಹೇಳುತ್ತೇನೆ. ನೆಲಕ್ಕೆ ಬೋರಲು ಮಲಗಿ ಗುರಿ ಇಡಬೇಕಲ್ವಾ. ಆಗ ಬೆನ್ನ ಕಡೆಯ ಜಾಕೆಟ್ ಮೇಲಕ್ಕೆ ಸರಿದು ಹೆಲ್ಮೆಟ್ಟಿನ ಹಿಂಭಾಗಕ್ಕೆ ತಾಗುತ್ತೆ. ಹೆಲ್ಮೆಟ್ ಮುಂದಕ್ಕೆ ಜಾರಿ ಕಣ್ಣಿನ ಮೇಲೆ ಬರುತ್ತೆ. ತಲೆ ಎತ್ತಿದರೆ ಕಾಣಲ್ಲ, ಬಗ್ಗಿಸಿದರೂ ಕಾಣಲ್ಲ. ಒಂದು ಕೈಯಲ್ಲಿ ಹೆಲ್ಮೆಟ್ ಹಿಂದಕ್ಕೆ ತಳ್ಳುತ್ತಾ ಎಷ್ಟು ಸಲ ಮಲಗಿದ್ದೇನೋ ಲೆಕ್ಕ ಇಲ್ಲ. ಅದಕ್ಕೇ ಕಾಶ್ಮೀರದಲ್ಲಿ ಎಷ್ಟೋ ಜನ ಪಟ್ಕಾ ಕಟ್ಟುತ್ತಿದ್ದರು. ಹಣೆಗೂ ತಲೆಯ ಹಿಂದಕ್ಕೂ ಉಕ್ಕಿನ ತಗಡು, ನೆತ್ತಿ ಬಯಲು. ಅದೂ ಎರಡೂವರೆ ಕಿಲೋ ಹತ್ತಿರ. ಸಂಜೆ ಬಿಚ್ಚಿದಾಗ ಕುತ್ತಿಗೆ ನಮ್ಮದಲ್ಲ ಅನ್ನಿಸುತ್ತಿತ್ತು.

ಈಗ ಪರಿಸ್ಥಿತಿ ಸುಧಾರಿಸಿದೆ. 2018ರಲ್ಲಿ ಸೈನ್ಯಕ್ಕೆ 1,86,138 ಹೊಸ ಜಾಕೆಟ್‌ಗಳಿಗೆ 639 ಕೋಟಿ ರೂಪಾಯಿಯ ಒಪ್ಪಂದ ಆಯಿತು. ನಾವೆಲ್ಲ ವರ್ಷಗಟ್ಟಲೆ ಕಾದದ್ದು ಅದಕ್ಕೆ.

ಒಟಿ ನರ್ಸ್ ಮಂಗಳೂರು, ಭಾನುವಾರ ಬೆಳಿಗ್ಗೆ 9.30

ತಮ್ಮ, ಅಮ್ಮ ಕೇಳಿದ "ಉಳಿದ ಅರ್ಧ" ಬಹಳ ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಹೇಳುತ್ತೇನೆ.

ಮನೆಯಲ್ಲಿ ಎ4 ಹಾಳೆ ಇದ್ದರೆ ತಗೊಳ್ಳಿ. ಸೈನಿಕರ ಮಧ್ಯಮ ಅಳತೆಯ ಪ್ಲೇಟ್ ಹೆಚ್ಚುಕಡಿಮೆ ಅಷ್ಟೇ, ಒಂದೆರಡು ಬೆರಳು ದೊಡ್ಡದು. ಹಾಳೆಯ ಮೇಲಿನ ಅಂಚು ಗಂಟಲ ಕೆಳಗಿನ ಗುಳಿಗೆ ಬರಲಿ. ಎದೆಗೆ ಒತ್ತಿ ಹಿಡಿದು ಕನ್ನಡಿ ನೋಡಿ. ಹೃದಯ ಒಳಗೆ ಬಂತು. ದೊಡ್ಡ ರಕ್ತನಾಳಗಳು ಬಂದವು. ಶ್ವಾಸಕೋಶದ ಹೆಚ್ಚಿನ ಭಾಗ ಬಂತು. ಈಗ ಹಾಳೆಯ ಹೊರಗೆ ಏನೆಲ್ಲ ಉಳಿಯಿತು ನೋಡಿ. ಭುಜ, ಕಂಕುಳು, ಕುತ್ತಿಗೆ, ಕೆಳಹೊಟ್ಟೆ, ತೊಡೆ.

ಪ್ಲೇಟ್ ಮಾಡಿದವರು ದೇಹ ಪೂರ್ತಿ ಮುಚ್ಚಲು ಹೊರಟಿಲ್ಲ. ಎಲ್ಲಿ ಗುಂಡು ಬಿದ್ದರೆ ನಿಮಿಷಗಳಲ್ಲೇ ಜೀವ ಹೋಗುತ್ತೋ, ಯಾವ ಡಾಕ್ಟರೂ ಅಷ್ಟರೊಳಗೆ ತಲುಪಲು ಆಗಲ್ಲವೋ, ಆ ಜಾಗ ಮುಚ್ಚುತ್ತಾರೆ. ಉಳಿದ ಕಡೆ ಪೆಟ್ಟು ಬಿದ್ದರೆ ಆಸ್ಪತ್ರೆಗೆ ತರಲು ಸಮಯ ಸಿಗುತ್ತೆ ಅನ್ನುವ ಲೆಕ್ಕ. ಇರಾಕ್ ಮತ್ತು ಅಫ್ಘಾನಿಸ್ತಾನದಲ್ಲಿ ಅಮೆರಿಕದ ಸೈನಿಕರಿಗೆ ಆದ ಗಾಯಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೈಕಾಲಿನವು. ಎದೆಯ ಗಾಯ ಹಿಂದಿನ ಯುದ್ಧಗಳಿಗಿಂತ ಕಡಿಮೆ. ಜಾಕೆಟ್ ತನ್ನ ಕೆಲಸ ಮಾಡಿದೆ ಅಂತಲೇ ಅರ್ಥ. ಹಾಗಾಗಿ ಈಗ ಸೈನಿಕರು ರಕ್ತ ಕಟ್ಟುವ ಪಟ್ಟಿ, ಟೂರ್ನಿಕೆಟ್, ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳುತ್ತಾರೆ. ತೊಡೆಯ ದೊಡ್ಡ ರಕ್ತನಾಳ ಹರಿದರೆ ಕಾಯಲು ಸಮಯ ಇರಲ್ಲ.

ಇನ್ನು ಪ್ಲೇಟ್ ತಡೆದ ಏಟು. ಗುಂಡು ಒಳಗೆ ಬರಲಿಲ್ಲ, ಸರಿ. ಆದರೆ ಪ್ಲೇಟ್ ಹಿಂದಕ್ಕೆ ಉಬ್ಬಿ ಎದೆಗೆ ಬಡಿಯುತ್ತೆ. ಅಮೆರಿಕದ ಪರೀಕ್ಷೆಯಲ್ಲಿ ಜಾಕೆಟ್ಟಿನ ಹಿಂದೆ ಜೇಡಿಯಂಥ ಮಣ್ಣು ಇಟ್ಟು ಗುಂಡು ಹೊಡೆಯುತ್ತಾರೆ. ಮಣ್ಣಿನಲ್ಲಿ ಬಿದ್ದ ಗುಳಿ 44 ಮಿಲಿಮೀಟರ್ ದಾಟಬಾರದು. 44 ಮಿಲಿಮೀಟರ್ ಅಂದರೆ ಎರಡು ಬೆರಳ ಅಗಲಕ್ಕಿಂತ ಜಾಸ್ತಿ. ಪಕ್ಕೆಲುಬು ಮುರಿಯಬಹುದು, ಶ್ವಾಸಕೋಶ ಜಜ್ಜಿ ಒಳಗೆ ರಕ್ತ ಸೋರಬಹುದು. ಹೊರಗೆ ಬರೀ ನೀಲಿ ಕಲೆ ಕಾಣುತ್ತೆ. ಗುಂಡು ತಡೆದ ಮೇಲೂ ಡಾಕ್ಟರ್ ನೋಡಲೇಬೇಕು. ಉಳಿದ ಅರ್ಧ ಅಂದರೆ ಇದು.

ಕಲ್ಸಂಕದ ಹುಡುಗ, ಭಾನುವಾರ ಬೆಳಿಗ್ಗೆ 10.10

ಹಾಳೆ ಹಿಡಿದು ನೋಡಿದೆ ಅಕ್ಕ. ಇಷ್ಟು ಚಿಕ್ಕದು ಅಂತ ಗೊತ್ತಿರಲಿಲ್ಲ. ಅಮ್ಮನೂ ನನ್ನ ಕೈಯಿಂದ ಹಾಳೆ ತಗೊಂಡು ತಮ್ಮ ಎದೆಗೆ ಹಿಡಿದು ನೋಡಿದರು. "ಕರ್ಣನ ಕವಚ ಅಂತ ತಿಳಿದಿದ್ದೆ" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು "ಹೃದಯದ ಮೇಲೆ ಉಂಟಲ್ಲ, ಸಾಕು" ಅಂತ ಹಾಳೆಯನ್ನು ದೇವರ ಕೋಣೆಯಲ್ಲಿಟ್ಟರು.

ಜೆಪ್ಪು ಹಂಚಿನ ಮನೆ, ಭಾನುವಾರ ಬೆಳಿಗ್ಗೆ 11.20

ಪ್ಲೇಟ್ ಯಾವುದರಿಂದ ಮಾಡುತ್ತಾರೆ ಅನ್ನುವುದನ್ನು ನಾನು ಹೇಳಬಹುದು. ನಮ್ಮ ಅಜ್ಜ ಹಂಚಿನ ಕಾರ್ಖಾನೆಯಲ್ಲಿ ದುಡಿದವರು, ನಾನು ಸಿರಾಮಿಕ್ ಓದಿದವಳು. ಮಂಗಳೂರು ಹಂಚಿಗೂ ಸೈನಿಕನ ಪ್ಲೇಟಿಗೂ ನೆಂಟಸ್ತಿಕೆ ಉಂಟು. ಎರಡೂ ಪುಡಿಯನ್ನು ಒತ್ತಿ, ಬಿಸಿಯಲ್ಲಿ ಗಟ್ಟಿ ಮಾಡಿದ ವಸ್ತು. ಹಂಚು ಜೇಡಿಮಣ್ಣಿನದು. ಪ್ಲೇಟ್ ಅಲ್ಯೂಮಿನಾ, ಸಿಲಿಕಾನ್ ಕಾರ್ಬೈಡ್ ಅಥವಾ ಬೋರಾನ್ ಕಾರ್ಬೈಡ್. ಬೋರಾನ್ ಕಾರ್ಬೈಡ್ ಅಂದರೆ ವಜ್ರದ ನಂತರದ ಸಾಲಿನಲ್ಲೇ ನಿಲ್ಲುವಷ್ಟು ಗಟ್ಟಿ. ತೂಕ ಉಕ್ಕಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ.

ಗುಂಡು ಬಂದು ಬಡಿದಾಗ ಏನಾಗುತ್ತೆ? ಗುಂಡಿನ ಮೂತಿ ಈ ಗಟ್ಟಿ ಮೈಗೆ ತಾಗಿ ಪುಡಿಯಾಗುತ್ತೆ. ಪ್ಲೇಟ್ ಕೂಡ ಆ ಜಾಗದಲ್ಲಿ ಬಿರುಕು ಬಿಡುತ್ತೆ. ಹಿಂದೆ ಅಂಟಿಸಿದ ನಾರಿನ ಪದರ ಆ ಚೂರುಗಳನ್ನೆಲ್ಲ ಹಿಡಿದುಕೊಳ್ಳುತ್ತೆ. ಮುಂದಿನದು ಒಡೆಯುವ ಕೆಲಸ, ಹಿಂದಿನದು ಹಿಡಿಯುವ ಕೆಲಸ. ಅದಕ್ಕೇ ಒಂದೇ ಜಾಗಕ್ಕೆ ಎರಡನೇ ಗುಂಡು ಬಿದ್ದರೆ ಅಪಾಯ, ಒಂದು ಗೇಣು ದೂರ ಬಿದ್ದರೆ ತಡೆಯಬಹುದು. ಆಟದಲ್ಲಿ ವೆಸ್ಟ್ ಪೂರ್ತಿ ಒಂದೇ ಸಮ ಸವೆಯುತ್ತೆ ಅಂತ ಹುಡುಗ ಬರೆದಿದ್ದಾನಲ್ಲ, ನಿಜದ ಪ್ಲೇಟ್ ಹಾಗೆ ಸವೆಯಲ್ಲ. ಏಟು ಎಲ್ಲಿ ಬಿತ್ತು ಅನ್ನುವುದರ ಮೇಲೆ ಎಲ್ಲ ನಿಂತಿದೆ.

ನಮ್ಮ ಅಜ್ಜ ಹಂಚು ಕೈಯಲ್ಲಿ ತೂಗಿ ಹಿಡಿದು ಬೆರಳ ಗಂಟಿನಿಂದ ತಟ್ಟುತ್ತಿದ್ದರು. ಟಣ್ ಅಂದರೆ ಒಳ್ಳೆಯದು. ಟಪ್ ಅಂದರೆ ಎಲ್ಲೋ ಕೂದಲೆಳೆಯ ಬಿರುಕು ಉಂಟು ಅಂತ ಬದಿಗಿಡುತ್ತಿದ್ದರು, ಕಣ್ಣಿಗೆ ಏನೂ ಕಾಣದಿದ್ದರೂ. ಪ್ಲೇಟಿನ ಮೇಲೆ ಬಟ್ಟೆ, ನಾರು, ರಬ್ಬರ್ ಸುತ್ತಿರುವುದರಿಂದ ತಟ್ಟಿ ನಂಬಲು ಆಗಲ್ಲ. ಎಕ್ಸ್‌ರೇ ತೆಗೆದು ನೋಡುತ್ತಾರೆ. ಅಣ್ಣನಿಗೆ ಒಂದು ಮಾತು ಹೇಳು ತಮ್ಮ, ಜಾಕೆಟ್ ಬಿಚ್ಚಿದಾಗ ನೆಲಕ್ಕೆ ಧಪ್ಪಂತ ಹಾಕುವುದು ಬೇಡ. ಹಂಚನ್ನು ಇಳಿಸುವ ಹಾಗೆ ಇಳಿಸಲಿ.

ಮಲ್ಪೆ ಬಲೆ, ಭಾನುವಾರ ಮಧ್ಯಾಹ್ನ 1.05

ಅಕ್ಕ ಹೇಳಿದ "ಹಿಂದಿನ ನಾರು" ನಮಗೆ ಹೊಸದಲ್ಲ. ಈಗಿನ ಹಗುರದ ಪ್ಲೇಟ್‌ಗಳಲ್ಲಿ ಇರುವುದು ಪಾಲಿಎಥಿಲೀನ್. ನಮ್ಮ ಬೋಟಿನ ಟ್ರಾಲ್ ಬಲೆಯೂ ಪಾಲಿಎಥಿಲೀನೇ. ಅಂಗಡಿಯ ಪ್ಲಾಸ್ಟಿಕ್ ಚೀಲವೂ ಅದೇ ಕುಟುಂಬ. ವ್ಯತ್ಯಾಸ ಇರುವುದು ಎಳೆಯ ಉದ್ದದಲ್ಲಿ. ಜಾಕೆಟ್ಟಿನ ನಾರಿನಲ್ಲಿ ಅಣುಗಳ ಸರಪಳಿ ಬಹಳ ಬಹಳ ಉದ್ದ, ಎಲ್ಲ ಒಂದೇ ದಿಕ್ಕಿಗೆ ಬಾಚಿದ ಕೂದಲಿನ ಹಾಗೆ. ಅದೇ ನಾರಿನಲ್ಲಿ ದೊಡ್ಡ ಹಡಗು ಕಟ್ಟುವ ಹಗ್ಗವೂ ಬರುತ್ತೆ. ಉಕ್ಕಿನ ಹಗ್ಗದಷ್ಟು ಗಟ್ಟಿ, ನೀರಿಗೆ ಹಾಕಿದರೆ ತೇಲುತ್ತೆ. ಮುಟ್ಟಿದರೆ ಮೇಣದ ಹಾಗೆ ಜಾರುತ್ತೆ.

ಬಲೆಗೆ ದೊಡ್ಡ ಮೀನು ನುಗ್ಗಿದಾಗ ಒಂದು ಕಣ್ಣು ಮಾತ್ರ ಎಳೆದುಕೊಳ್ಳಲ್ಲ, ಸುತ್ತಲಿನ ಹತ್ತಾರು ಕಣ್ಣುಗಳು ಸೇರಿ ಎಳೆತ ಹಂಚಿಕೊಳ್ಳುತ್ತವೆ. ಜಾಕೆಟ್ ಗುಂಡು ಹಿಡಿಯುವುದೂ ಹಾಗೇ ಅಂತ ನನಗೆ ಅರ್ಥ ಆಯಿತು.

ಸುರತ್ಕಲ್ ಪಾಲಿಮರ್, ಭಾನುವಾರ ಮಧ್ಯಾಹ್ನ 2.40

ಮಲ್ಪೆಯವರು ಹೇಳಿದ್ದು ಸರಿಯಾಗಿದೆ. ಅದಕ್ಕೆ ನಮ್ಮೂರಿನವರೇ ಯೋಚಿಸಬೇಕಾದ ಇನ್ನೊಂದು ವಿಷಯ ಸೇರಿಸುತ್ತೇನೆ. ಸೆಕೆ ಮತ್ತು ತೇವ.

ಕೆವ್ಲಾರ್ ನಾರನ್ನು 1965ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಸ್ಟೆಫನಿ ಕ್ವೊಲೆಕ್ ಕಂಡುಹಿಡಿದರು. ಅವರು ಹುಡುಕುತ್ತಿದ್ದದ್ದು ವಾಹನದ ಟೈರಿಗೆ ಹಗುರವಾದ ಗಟ್ಟಿ ನಾರು. ಜಾಕೆಟ್ ಆಮೇಲೆ ಬಂತು. ಕೆವ್ಲಾರ್ ಒದ್ದೆಯಾದರೆ ಗುಂಡು ತಡೆಯುವ ಶಕ್ತಿ ಕಡಿಮೆ ಆಗುತ್ತೆ, ಬಿಸಿಲು ತಾಗಿದರೆ ನಾರು ಹಾಳಾಗುತ್ತೆ. ಅದಕ್ಕೇ ಒಳಗಿನ ಪದರವನ್ನು ನೀರು ಹೋಗದ ಚೀಲದಲ್ಲಿ ಹಾಕಿ ಅಂಚು ಮುಚ್ಚಿರುತ್ತಾರೆ. ಆ ಚೀಲ ಹರಿದಿದ್ದರೆ ಹೊಲಿಗೆ ಹಾಕುವುದಲ್ಲ, ಬದಲಾಯಿಸಬೇಕು.

ಝೈಲಾನ್ ಅಂತ ಇನ್ನೊಂದು ನಾರು ಇತ್ತು. ಕೆವ್ಲಾರ್‌ಗಿಂತ ಗಟ್ಟಿ, ತೆಳು, ಹಗುರ. ಪೊಲೀಸರು ಇಷ್ಟಪಟ್ಟು ಹಾಕಿದರು. 2003ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಒಬ್ಬ ಪೊಲೀಸ್ ಅಧಿಕಾರಿಯ ಝೈಲಾನ್ ಜಾಕೆಟ್ಟನ್ನು ತೂರಿ ಗುಂಡು ಒಳಗೆ ಹೋಯಿತು. ಆ ಜಾಕೆಟ್ ತಡೆಯಬೇಕಾಗಿದ್ದ ಗುಂಡೇ ಅದು. ಪರೀಕ್ಷೆ ಮಾಡಿದಾಗ ತೇವದಿಂದ ನಾರಿನ ಬಲ ಕುಂದುತ್ತೆ ಅಂತ ಗೊತ್ತಾಯಿತು. 2005ರಲ್ಲಿ ಆ ಜಾಕೆಟ್‌ಗಳ ಮಾನ್ಯತೆಯನ್ನೇ ತೆಗೆದುಹಾಕಿದರು. ಹೊಸತಾಗಿದ್ದಾಗ ಎಲ್ಲ ಪರೀಕ್ಷೆ ಪಾಸಾದ ವಸ್ತು ಅದು. ಜೂನ್ ತಿಂಗಳಲ್ಲಿ ಕಪಾಟಿನೊಳಗಿನ ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುವುದನ್ನು ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ದೇಶದ ಅಳತೆಗೋಲೂ ಗೊತ್ತಿರಲಿ. ಭಾರತೀಯ ಮಾನಕ ಸಂಸ್ಥೆಯ ಐಎಸ್ 17051, 2018ರದ್ದು. ಅದರಲ್ಲಿ 6 ಹಂತ. ಕಲ್ಸಂಕದ ತಮ್ಮ, ನಿನ್ನ ಆಟದ ಲೆವೆಲ್ 3ಕ್ಕೂ ಇದಕ್ಕೂ ಸಂಬಂಧ ಇಲ್ಲ. ಅಮೆರಿಕದ ಹಳೆಯ ಲೆವೆಲ್ 3ಕ್ಕೂ ಇಲ್ಲ. ಒಂದೇ ಅಂಕಿ, ಮೂರು ಅರ್ಥ. 2024ರಲ್ಲಿ ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಕಾನ್ಪುರದ ಪ್ರಯೋಗಾಲಯ 6ನೇ ಹಂತದ ಹಗುರ ಜಾಕೆಟ್ ಮಾಡಿತು, ಸ್ನೈಪರ್ ರೈಫಲ್ಲಿನ 6 ಗುಂಡು ತಡೆಯಿತು. ಅದೇ ವರ್ಷ ದೆಹಲಿ ಐಐಟಿ ಜೊತೆ ಮಾಡಿದ ಅಭೇದ್ ಜಾಕೆಟ್‌ನ ತೂಕ, ಹಂತಕ್ಕೆ ತಕ್ಕ ಹಾಗೆ, 8.2 ಮತ್ತು 9.5 ಕಿಲೋ.

ಕುಂದಾಪುರದ ಮೇಷ್ಟ್ರು, ಭಾನುವಾರ ಸಂಜೆ 5.00

ಹಳೆಯ ಕಥೆ ಒಂದು. ಆಸ್ಟ್ರೇಲಿಯಾದಲ್ಲಿ ನೆಡ್ ಕೆಲ್ಲಿ ಅಂತ ಒಬ್ಬ ದರೋಡೆಕೋರ ಇದ್ದ. ನೇಗಿಲಿನ ಕಬ್ಬಿಣ ಬಡಿದು ತಲೆಗೆ, ಎದೆಗೆ, ಬೆನ್ನಿಗೆ ಕವಚ ಮಾಡಿಸಿಕೊಂಡ. ತೂಕ ಸುಮಾರು 44 ಕಿಲೋ. 1880ರ ಜೂನ್‌ನಲ್ಲಿ ಗ್ಲೆನ್‌ರೋವನ್ ಅನ್ನುವ ಊರಲ್ಲಿ ಪೊಲೀಸರು ಸುತ್ತುವರಿದರು. ಎದೆಗೆ ಹೊಡೆದ ಗುಂಡೆಲ್ಲ ಠಣ್ ಠಣ್ ಅಂತ ಸಿಡಿದು ಹೋದವು. ಕೊನೆಗೆ ಕಾಲಿಗೆ ಹೊಡೆದು ಬೀಳಿಸಿದರು. ಹಂಪನಕಟ್ಟೆಯವರು ಹೇಳಿದ ಕಾಲಿನ ಲೆಕ್ಕ ನೆನಪಾಯಿತು, ಅದಕ್ಕೆ ಬರೆದೆ.

ಯುದ್ಧಗಳಲ್ಲಿ ಬಹುಕಾಲ ಜನ ಗುಂಡಿಗಿಂತ ಸಿಡಿದು ಬರುವ ಲೋಹದ ಚೂರುಗಳಿಗೆ ಹೆದರಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನದವರ ಗಾಯಗಳನ್ನು ನೋಡಿದ ಸೇನಾ ವೈದ್ಯ ಮಾಲ್ಕಮ್ ಗ್ರೋ, ಹೆಚ್ಚಿನವು ಫಿರಂಗಿ ಗುಂಡಿನ ನಿಧಾನ ವೇಗದ ಚೂರುಗಳಿಂದ ಆದವು ಅಂತ ಗುರುತಿಸಿದರು. ಲಂಡನ್ನಿನಲ್ಲಿ ಕತ್ತಿ ಮಾಡುವ ವಿಲ್ಕಿನ್ಸನ್ ಕಂಪನಿಯಿಂದ ಉಕ್ಕಿನ ತಗಡು ಹೊಲಿದ ಜಾಕೆಟ್ ಮಾಡಿಸಿದರು. ಅದೇ ಹೊತ್ತಿಗೆ ಸೋವಿಯತ್ ಸೈನ್ಯ ತನ್ನ ದಾಳಿ ಪಡೆಗೆ 2 ಮಿಲಿಮೀಟರ್ ದಪ್ಪದ ಉಕ್ಕಿನ ಎದೆಗವಚ ಕೊಟ್ಟಿತು, ಮೂರೂವರೆ ಕಿಲೋ. ಬೆನ್ನಿಗೆ ಏನೂ ಇರಲಿಲ್ಲ.

ಮಣಿಪಾಲದ ಗೇಮರ್, ಭಾನುವಾರ ರಾತ್ರಿ 8.20

ಎಲ್ಲರೂ ಆಟವನ್ನು ತಪ್ಪು ಅನ್ನುತ್ತಿದ್ದೀರಿ. ನನಗೆ ಒಪ್ಪಿಗೆ ಇಲ್ಲ. ಆಟ ಮಾಡುವವನಿಗೆ ಬೇಕಾದದ್ದು ಇಬ್ಬರಿಗೂ ನ್ಯಾಯ ಆಗುವ ಲೆಕ್ಕ. ಒಂದೇ ಗುಂಡಿಗೆ ಸತ್ತು, ಅರ್ಧ ಗಂಟೆ ಸುಮ್ನೆ ಕೂತರೆ ಯಾರು ಆಡುತ್ತಾರೆ? ವೆಸ್ಟ್ ಹುಡುಕುವುದೂ ಅಲ್ಲಿ ಆಟದ ಭಾಗ. ಮತ್ತೆ ಎಲ್ಲ ಆಟವೂ ಒಂದೇ ಅಲ್ಲ. ಎಸ್ಕೇಪ್ ಫ್ರಮ್ ಟಾರ್ಕೋವ್ ನೋಡಿ. ಅದರಲ್ಲಿ 2023ರ ಕೊನೆಯಿಂದ ಪ್ಲೇಟ್‌ಗಳನ್ನೇ ಬೇರೆ ಮಾಡಿದ್ದಾರೆ. ಪ್ಲೇಟ್ ಇಲ್ಲದ ಜಾಗಕ್ಕೆ ಗುಂಡು ಬಿದ್ದರೆ ಒಳಗೆ ಹೋಗುತ್ತೆ. ಭಾರದ ಜಾಕೆಟ್ ಹಾಕಿದರೆ ಓಟ ನಿಧಾನ, ತಿರುಗುವುದೂ ನಿಧಾನ. ಗುಂಡು ತಡೆದರೂ ಪೆಟ್ಟು ಒಳಗೆ ತಾಗುತ್ತೆ. ನರ್ಸಕ್ಕ ಹೇಳಿದ್ದೆಲ್ಲ ಅದರಲ್ಲಿ ಇದೆ.

ಹಂಪನಕಟ್ಟೆ ಸೈಬರ್, ಭಾನುವಾರ ರಾತ್ರಿ 8.45

ನ್ಯಾಯದ ಮಾತು ಒಪ್ಪುತ್ತೇನೆ ಮಾರಾಯ. ಆಟ ತಪ್ಪಲ್ಲ. ಆದರೆ ಟಾರ್ಕೋವ್‌ನಲ್ಲೂ ಪಕ್ಕೆಲುಬು ಮುರಿದವನು ಮಾತ್ರೆ ನುಂಗಿ ಎದ್ದು ಓಡುತ್ತಾನೆ. ಅಂಕಿ ಎಷ್ಟು ಸರಿ ಇದ್ದರೂ ನೋವು ಆಡುತ್ತಾ ಕೂತವನ ಮೈಗೆ ಬರಲ್ಲ. ಆಟದ ಅಂಕಿಯನ್ನು ಅಮ್ಮನಿಗೆ ಉತ್ತರವಾಗಿ ಕೊಟ್ಟಾಗ ಮಾತ್ರ ತೊಂದರೆ. ಹುಡುಗ ಅದನ್ನು ತಾನೇ ಕಂಡುಕೊಂಡಿದ್ದಾನೆ, ಅದು ದೊಡ್ಡದು.

ಕಾರ್ಕಳದ ಮಾಜಿ ಹವಾಲ್ದಾರ್, ಭಾನುವಾರ ರಾತ್ರಿ 9.10

ಗೇಮರ್ ಹುಡುಗನ ಮಾತಲ್ಲೂ ಅರ್ಥ ಉಂಟು. ಇಬ್ಬರೂ ಒಂದು ಕೆಲಸ ಮಾಡಿ. ಕಾಲೇಜು ಬ್ಯಾಗಿಗೆ 10 ಕಿಲೋ ಕುಚ್ಚಲಕ್ಕಿ ಹಾಕಿ ಎದೆಯ ಕಡೆಗೆ ಕಟ್ಟಿಕೊಳ್ಳಿ. ಮನೆಯ ಮೆಟ್ಟಿಲು ಹತ್ತು ಸಲ ಹತ್ತಿ ಇಳಿಯಿರಿ. ಆಮೇಲೆ ನೆಲಕ್ಕೆ ಬೋರಲು ಮಲಗಿ ಎದ್ದೇಳಿ. ಆಮೇಲೆ ಬರೆಯಿರಿ.

ಕಲ್ಸಂಕದ ಹುಡುಗ, ಸೋಮವಾರ ರಾತ್ರಿ 9.50

ಮಾಡಿದೆ ಸರ್. ಆರನೇ ಸಲಕ್ಕೆ ಮೆಟ್ಟಿಲ ಮೇಲೆ ಕೂತೆ. ಬನಿಯನ್ ಹಿಂಡಿದರೆ ನೀರು ಬರುವಷ್ಟು ಬೆವರು. ಬೋರಲು ಮಲಗಿದಾಗ ಅಕ್ಕಿ ಎದೆಗೆ ಒತ್ತಿ ಉಸಿರು ಸಿಕ್ಕಿಹಾಕಿಕೊಂಡಿತು. ಭುಜದ ಮೇಲೆ ಪಟ್ಟಿಯ ಕೆಂಪು ಗೆರೆ ಇನ್ನೂ ಇದೆ. ಇದರ ಜೊತೆ ಅಣ್ಣ ರೈಫಲ್ ಹಿಡಿದು ಗುಡ್ಡ ಹತ್ತುತ್ತಾನೆ.

ಇವತ್ತು ಸಂಜೆ ಅವನ ಫೋನ್ ಬಂತು. ನಾನು ಇಲ್ಲಿ ಓದಿದ್ದೆಲ್ಲ ಹೇಳಿದೆ. ಪ್ಲೇಟನ್ನು ನೆಲಕ್ಕೆ ಎಸೆಯಬೇಡ ಅಂದೆ. "ಎಸೆದರೆ ಸುಬೇದಾರ್ ಸಾಹೇಬರು ಬಿಡ್ತಾರಾ" ಅಂತ ನಕ್ಕ. ಟೂರ್ನಿಕೆಟ್ ಇದೆಯಾ ಅಂತ ಕೇಳಿದೆ. ಎಡ ಕೈಗೂ ಬಲ ಕೈಗೂ ಸಿಗುವ ಹಾಗೆ ಇಟ್ಟುಕೊಂಡಿದ್ದೇನೆ ಅಂದ. ಅಮ್ಮ ಫೋನ್ ತಗೊಂಡು "ಹಾಳೆಯಷ್ಟೇ ಉಂಟಂತೆ ಅಲ್ವಾ ಮಗಾ" ಅಂದರು. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಹೌದಮ್ಮ, ಅಷ್ಟೇ. ಆದ್ರೆ ಒಂದು ದಿನವೂ ಬಿಚ್ಚಿಟ್ಟು ಹೋಗಲ್ಲ" ಅಂದ. ಅಮ್ಮ ಅತ್ತರು. ಆದರೆ ಇವತ್ತು ಊಟ ಮಾಡಿದರು.

ಜಾಕೆಟ್ ಒಳಗೆ ಬೆವರಿ ಭುಜ ಕಿತ್ತುಹೋಗುತ್ತಿದೆಯಂತೆ. ತೆಳು ಬನಿಯನ್ ಕಳಿಸಲು ಹೇಳಿದ್ದಾನೆ. ನಾಳೆ ತರುತ್ತೇನೆ. ಬೆವರು ಬೇಗ ಒಣಗುವ ಸ್ಪೋರ್ಟ್ಸ್ ಟೀ ಶರ್ಟ್ ತೆಗೆದುಕೊಂಡರೆ ಒಳ್ಳೆಯದಾ?

ಕಾರ್ಕಳದ ಮಾಜಿ ಹವಾಲ್ದಾರ್, ಸೋಮವಾರ ರಾತ್ರಿ 10.05

ಬೇಡ ತಮ್ಮ. ಅದು ಪಾಲಿಯೆಸ್ಟರ್. ಬೆಂಕಿ, ಸ್ಫೋಟ ಆದರೆ ಕರಗಿ ಚರ್ಮಕ್ಕೆ ಅಂಟುತ್ತೆ. 2006ರಲ್ಲಿ ಇರಾಕ್‌ನಲ್ಲಿದ್ದ ಅಮೆರಿಕದ ಮರೀನ್‌ಗಳಿಗೆ ಇದೇ ಕಾರಣಕ್ಕೆ ಕ್ಯಾಂಪಿನ ಹೊರಗೆ ಅಂಥ ಬಟ್ಟೆ ಹಾಕಬಾರದು ಅಂತ ಆದೇಶ ಆಗಿತ್ತು. ಪೂರ್ತಿ ಹತ್ತಿಯದ್ದೇ ತಗೋ. ಭುಜದ ಮೇಲೆ ಹೊಲಿಗೆ ದಪ್ಪ ಇರಬಾರದು, ಪಟ್ಟಿ ಅಲ್ಲೇ ಒತ್ತುವುದು. ತೋಳು ಇರುವುದಾದರೆ ಇನ್ನೂ ಒಳ್ಳೆಯದು, ಕಂಕುಳು ಉಜ್ಜಲ್ಲ.

ಒಟಿ ನರ್ಸ್ ಮಂಗಳೂರು, ಸೋಮವಾರ ರಾತ್ರಿ 10.20

ಕಳಿಸುವ ಮೊದಲು ಎರಡು ಸಲ ಒಗೆದು ಗಂಜಿ ತೆಗೆದು ಕಳಿಸು. ಹೊಸ ಬಟ್ಟೆ ಕಿತ್ತ ಚರ್ಮಕ್ಕೆ ಉರಿಯುತ್ತೆ.

ಕಲ್ಸಂಕದ ಹುಡುಗ, ಮಂಗಳವಾರ ರಾತ್ರಿ 8.30

ರಥಬೀದಿಯ ಅಂಗಡಿಯಿಂದ ಆರು ತಂದೆ, ಹತ್ತಿಯದ್ದೇ, ಅರ್ಧ ತೋಳಿನದ್ದು. ಅಮ್ಮ ಒಂದೊಂದನ್ನೂ ತಿರುಗಿಸಿ ಭುಜದ ಹೊಲಿಗೆ ಮೇಲೆ ಹೆಬ್ಬೆರಳು ಎಳೆದು ನೋಡಿದರು. ಎರಡು ದಪ್ಪ ಇವೆ ಅಂತ ಬದಿಗಿಟ್ಟಿದ್ದಾರೆ, ನಾಳೆ ಬದಲಾಯಿಸಿ ತರಬೇಕು. ನಾಲ್ಕು ಒಗೆದು ಹಗ್ಗಕ್ಕೆ ಹಾಕಿದ್ದೇವೆ.